ಕಷ್ಟ ಕೇಳುವ ಕೆಲಸ

ಮೈಸೂರು ರಸ್ತೆಯಲ್ಲಿ ಕೆಂಗೇರಿ ದಾಟಿದ ಮೇಲೆ ಸಿಗುವ ಒಂದು ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ನಾನು ಇಪ್ಪತ್ತಾರು ವರ್ಷ ಕ್ಷೇಮಾಧಿಕಾರಿಯಾಗಿದ್ದೆ. ಇಂತಿಷ್ಟು ಜನಕ್ಕಿಂತ ಹೆಚ್ಚು ಕೆಲಸಗಾರರಿದ್ದರೆ ಅಂಥ ಒಬ್ಬರನ್ನು ಇಟ್ಟುಕೊಳ್ಳಲೇಬೇಕೆಂದು ಕಾನೂನಿದೆ. ಅದಕ್ಕೇ ನನ್ನನ್ನು ಇಟ್ಟುಕೊಂಡಿದ್ದರು. ಹೊಲಿಗೆಯ ಲೈನ್‌ಗಳಲ್ಲಿ ಕೂತ ಹೆಂಗಸರ ಕಷ್ಟ ಕೇಳುವುದು, ಅವರ ಮಕ್ಕಳನ್ನು ಬಿಡುವ ಕ್ರೆಶ್ ನೋಡಿಕೊಳ್ಳುವುದು, ತಲೆ ಸುತ್ತಿ ಬಿದ್ದವರಿಗೆ ಗ್ಲೂಕೋಸ್ ಕೊಡುವುದು, ಆಡಿಟ್‌ನವರು ಬಂದಾಗ ಬಿಳಿ ಕೋಟು ಹಾಕಿಕೊಂಡು ನಗುವುದು ನನ್ನ ಕೆಲಸ. ಈಗ ಇದೇ ಕೆಲಸಕ್ಕೆ ಬರುವ ಹುಡುಗಿಯರಿಗೆ ಬೇರೆ ಹೆಸರಿನ ಹುದ್ದೆ ಕೊಡುತ್ತಾರೆ, ಲ್ಯಾಪ್‌ಟಾಪ್ ಕೊಡುತ್ತಾರೆ, 'ನಾಯಕತ್ವದಲ್ಲಿ ಸಹಾನುಭೂತಿ' ಎಂದು ಎರಡು ದಿನದ ತರಬೇತಿ ಕೊಡುತ್ತಾರೆ. ಆ ತರಬೇತಿಯಲ್ಲಿ ಹೇಳದ ಒಂದಷ್ಟು ವಿಷಯಗಳು ನನಗೆ ಗೊತ್ತು. ಹೆಮ್ಮೆಪಡುವಂಥವು ಅದರಲ್ಲಿ ಕಡಿಮೆ.

ನಾನು ಸೇರಿದಾಗ ಶ್ರೀಕಂಠಯ್ಯ ಅಂತ ಫ್ಯಾಕ್ಟರಿ ಮ್ಯಾನೇಜರ್ ಇದ್ದರು. ರಾಜಾಜಿನಗರದವರು. ದಪ್ಪ ಕನ್ನಡಕ, ಅದಕ್ಕಿಂತ ದಪ್ಪ ಗಂಟಲು. ಒಂದನೇ ಲೈನ್‌ನಲ್ಲಿ ನಿಂತು ಬೈದರೆ ಹನ್ನೆರಡನೇ ಲೈನ್‌ನವರು ಮೆಷಿನ್ ನಿಲ್ಲಿಸಿ ತಲೆಯೆತ್ತುತ್ತಿದ್ದರು. ಅವರ ಬಾಯಿಗೆ ಹೆದರಿ ಕೆಲಸ ಬಿಟ್ಟವರನ್ನು ನಾನೇ ಬಲ್ಲೆ. ಕಾಲರ್ ತಿರುಚಿ ಹೊಲಿದಿದ್ದಕ್ಕೆ ಒಬ್ಬಳಿಗೆ ಇಡೀ ಬ್ಯಾಚ್‌ನ ಮುಂದೆ ಅವರು ಆಡಿದ ಮಾತನ್ನು ಇಲ್ಲಿ ಬರೆಯಲಾರೆ. ಅವಳು ಊಟದ ಡಬ್ಬಿ ತೆಗೆದುಕೊಂಡು ಹೋದವಳು ಮತ್ತೆ ಬರಲಿಲ್ಲ. ಆದ್ದರಿಂದ ಅವರು ದೇವರಂಥ ಮನುಷ್ಯ ಅಂತ ನಾನು ಹೇಳಲು ಹೊರಟಿಲ್ಲ.

ಸೇರಿದ ಎರಡನೇ ತಿಂಗಳಲ್ಲಿ ನನ್ನ ಮೊದಲ ತಪ್ಪು ನಡೆಯಿತು. ಚೆಕಿಂಗ್ ವಿಭಾಗದ ಜಯಮ್ಮ ನನ್ನ ಕೋಣೆಗೆ ಬಂದಳು. ಅತ್ತೆಗೆ ಕಣ್ಣಿನ ಆಪರೇಷನ್, ಮೂರು ದಿನ ರಜೆ ಬೇಕು, ಸೂಪರ್‌ವೈಸರ್ ಕೊಡುತ್ತಿಲ್ಲ ಅಂದಳು. ನಾನು ಸಮಾಜಕಾರ್ಯ ಓದಿ ಬಂದವಳು. ಕುರ್ಚಿ ಹತ್ತಿರ ಎಳೆದುಕೊಂಡು, ಅವಳ ಕೈ ಹಿಡಿದು, ಅರ್ಧ ಗಂಟೆ ಕೇಳಿಸಿಕೊಂಡೆ. ಅವಳು ಅತ್ತಳು, ನನ್ನ ಕಣ್ಣಲ್ಲೂ ನೀರು ಬಂತು. 'ನಿನ್ನ ಕಷ್ಟ ನನಗೆ ಅರ್ಥ ಆಗುತ್ತಮ್ಮ, ಧೈರ್ಯವಾಗಿರು' ಅಂತ ಕಳಿಸಿದೆ. ರಜೆಯ ಚೀಟಿಗೆ ಸಹಿ ಮಾತ್ರ ಹಾಕಲಿಲ್ಲ. ಸೂಪರ್‌ವೈಸರ್ ಒಪ್ಪದೆ ಹಾಕುವ ಅಧಿಕಾರ ನನಗಿರಲಿಲ್ಲ. ಅವಳು ನನ್ನ ಮಾತನ್ನೇ ರಜೆ ಅಂದುಕೊಂಡಳು. ನಾಲ್ಕನೇ ದಿನ ಬಂದಾಗ ಗೇಟಿನಲ್ಲಿ ಅವಳ ಹಾಜರಿ ಕಾರ್ಡ್ ಇರಲಿಲ್ಲ, ಕೆಲಸದಿಂದ ತೆಗೆದಿದ್ದರು.

ಶ್ರೀಕಂಠಯ್ಯ ನನ್ನನ್ನು ಗೇಟಿಗೇ ಕರೆಸಿದರು. ಸೆಕ್ಯೂರಿಟಿಯವರ ಮುಂದೆ, ಜಯಮ್ಮನ ಮುಂದೆ ಕೇಳಿದರು.

"ಏನಮ್ಮ, ಇವಳಿಗೆ ರಜೆ ಕೊಟ್ಟಿದ್ಯಾ?"

"ಇಲ್ಲ ಸಾರ್. ಸಮಾಧಾನ ಹೇಳಿದ್ದೆ."

"ಸಮಾಧಾನ ಯಾರಿಗೆ ಬೇಕು? ಕಷ್ಟ ಕೇಳೋದಾದ್ರೆ ಕೇಳು. ಕೇಳಿದ್ಮೇಲೆ ಸಂಜೆಯೊಳಗೆ ಏನಾದ್ರೂ ಮಾಡು. ಮಾಡಕ್ಕಾಗಲ್ವಾ, ಕೇಳ್ಲೇಬೇಡ. ಸುಮ್ನೆ ಕೇಳಿ ಕಣ್ಣೀರು ಹಾಕ್ಕೊಂಡು ಕಳ್ಸಿದ್ರೆ ಅವಳ ಹೊಟ್ಟೆ ತುಂಬುತ್ತಾ, ನಿನ್ನ ಹೊಟ್ಟೆ ತುಂಬುತ್ತಾ?"

ಹಾಗೆಂದು ಜಯಮ್ಮನ ಕಾರ್ಡ್ ವಾಪಸ್ ಕೊಡಿಸಿದರು. ಕೊಡಿಸುವಾಗ ಅವಳಿಗೂ ನಾಲ್ಕು ಬೈದರು. ನಾನು ಆ ದಿನ ಕೋಣೆಯ ಬಾಗಿಲು ಹಾಕಿಕೊಂಡು ಅತ್ತೆ. ಅವಮಾನಕ್ಕೆ ಅತ್ತೆನೇ ಹೊರತು ಜಯಮ್ಮನಿಗಾಗಿ ಅಲ್ಲ. ಅದು ಅರ್ಥವಾಗಲು ನನಗೆ ವರ್ಷಗಳು ಬೇಕಾದವು.

ಆಮೇಲೊಂದು ಬೇಸಿಗೆ. ಇಸ್ತ್ರಿ ವಿಭಾಗದಲ್ಲಿ ಸ್ಟೀಮಿನ ಬಿಸಿಗೆ ಹೆಂಗಸರು ದಿನಕ್ಕೆ ಇಬ್ಬರಂತೆ ಕುಸಿಯುತ್ತಿದ್ದರು. ಫ್ಯಾನ್ ಬೇಕು ಅಂತ ನಾನು ಮೂರು ಸಲ ಬರೆದೆ. ಮುಂದಿನ ಬಜೆಟ್‌ನಲ್ಲಿ ನೋಡೋಣ ಅಂತ ಮೂರು ಸಲ ಉತ್ತರ ಬಂತು. ಒಂದು ಬೆಳಿಗ್ಗೆ ಶ್ರೀಕಂಠಯ್ಯ ಎಲೆಕ್ಟ್ರಿಷಿಯನ್‌ನನ್ನು ಕರೆದು ತಮ್ಮ ಕೋಣೆಯ ಫ್ಯಾನು, ನನ್ನ ಕೋಣೆಯ ಫ್ಯಾನು, ಲೆಕ್ಕಪತ್ರದವರ ಕೋಣೆಯ ಎರಡು ಫ್ಯಾನು ಕಳಚಿಸಿ ಇಸ್ತ್ರಿ ಟೇಬಲ್‌ಗಳ ಮೇಲೆ ಹಾಕಿಸಿಬಿಟ್ಟರು. ಮಾಲೀಕರು ಬಂದಾಗ ಇವರು ಬೆವರಿನಲ್ಲಿ ತೊಯ್ದ ಅಂಗಿಯಲ್ಲಿ ಕೂತು ಫೈಲು ನೋಡುತ್ತಿದ್ದರು. ಹತ್ತು ದಿನದಲ್ಲಿ ದೊಡ್ಡ ಎಕ್ಸಾಸ್ಟ್ ಫ್ಯಾನುಗಳು ಬಂದವು. ನಾನು ಕೃತಜ್ಞತೆ ಹೇಳಲು ಹೋದರೆ, "ಬಿದ್ದವರನ್ನ ಎತ್ತೋದ್ರಲ್ಲೇ ಅರ್ಧ ದಿನ ಹೋಗ್ತಿತ್ತು. ಪ್ರೊಡಕ್ಷನ್ ಹಾಳಾಗ್ತಿತ್ತಮ್ಮ, ಇನ್ನೇನು" ಅಂದರು. ಅದು ನಿಜವೋ, ನಾಚಿಕೆಗೆ ಹೇಳಿದ್ದೋ, ಇವತ್ತಿಗೂ ನನಗೆ ತಿಳಿಯದು.

ಅವರು ನಿವೃತ್ತರಾದರು. ಮಾಲೀಕರಿಗೂ ವಯಸ್ಸಾಗಿ ಆಡಳಿತವನ್ನು ಹೊರಗಿನಿಂದ ಬಂದ ವಿಕ್ರಮ್ ಎನ್ನುವವರ ಕೈಗೆ ಕೊಟ್ಟರು. ನಲವತ್ತರ ಆಸುಪಾಸಿನ ವಯಸ್ಸು, ವಿದೇಶದಲ್ಲಿ ಓದಿದವರು, ಎಷ್ಟು ಮೆತ್ತಗೆ ಮಾತಾಡುತ್ತಿದ್ದರೆಂದರೆ ಎದುರಿಗಿದ್ದವರು ಮುಂದೆ ಬಾಗಿ ಕೇಳಬೇಕಿತ್ತು. ಬಂದ ಮೊದಲ ವಾರವೇ ಊಟದ ಹಾಲ್‌ನಲ್ಲಿ ಹೆಂಗಸರ ಜೊತೆ ನೆಲದ ಮೇಲೆ ಕೂತು, ಯಾರದೋ ಡಬ್ಬಿಯಿಂದ ಮುದ್ದೆ ಮುರಿದು ತಿಂದರು. ಸೂಪರ್‌ವೈಸರ್‌ಗಳು ಯಾರನ್ನೂ ಏಕವಚನದಲ್ಲಿ ಕರೆಯಕೂಡದೆಂದು ಆಜ್ಞೆ ಮಾಡಿದರು. ಅವರೆಲ್ಲರನ್ನೂ ಹೋಟೆಲಿಗೆ ಕರೆದೊಯ್ದು ಎರಡು ದಿನ ತರಬೇತಿ ಕೊಡಿಸಿದರು. ಬಣ್ಣದ ಚೀಟಿಗಳಲ್ಲಿ 'ನಾನು ಕೇಳಿಸಿಕೊಳ್ಳುತ್ತೇನೆ' ಅಂತ ಬರೆಸಿದರು. ನನ್ನನ್ನು ಕೋಣೆಗೆ ಕರೆದು, ಎದ್ದು ನಿಂತು, ಕುರ್ಚಿ ತೋರಿಸಿದರು. ಇಪ್ಪತ್ತೆರಡು ವರ್ಷದಲ್ಲಿ ನನಗಾಗಿ ಎದ್ದು ನಿಂತ ಮೊದಲ ಮೇಲಧಿಕಾರಿ.

"ಮೇಡಂ, ಈ ಕಂಪನಿಯ ಹಾರ್ಟ್ ನೀವು. ಇಷ್ಟು ವರ್ಷ ನಿಮ್ಮನ್ನ ಯಾರೂ ಯೂಸ್ ಮಾಡ್ಕೊಂಡೇ ಇಲ್ಲ," ಅಂದರು.

ಆ ಮಾತನ್ನು ನಾನು ಹೊಗಳಿಕೆ ಎಂದುಕೊಂಡು ಮನೆಗೆ ಹೋಗಿ ಯಜಮಾನರಿಗೆ ಹೇಳಿದೆ.

ಪ್ರತಿ ಬುಧವಾರ ಮಧ್ಯಾಹ್ನ 'ಮನದ ಮಾತು' ಎಂಬ ಕಾರ್ಯಕ್ರಮ ಶುರುವಾಯಿತು. ಎಂಟೆಂಟು ಹೆಂಗಸರಿಗೆ ನನ್ನ ಕೋಣೆಯಲ್ಲಿ ಟೀ, ಬಿಸ್ಕತ್ತು, ಒಂದು ಗಂಟೆ ಮೆಷಿನ್‌ನಿಂದ ಬಿಡುವು. ಆಮೇಲೆ ಬೇಕಾದವರ ಜೊತೆ ಒಬ್ಬೊಬ್ಬರಾಗಿ ಮಾತು. ನಾನು ಹಿಂದೆಲ್ಲ ದಪ್ಪ ರಿಜಿಸ್ಟರಿನಲ್ಲಿ ಎರಡು ಸಾಲು ಗೀಚಿ ಬಿಡುತ್ತಿದ್ದೆ. ಈಗ ಟ್ಯಾಬ್ ಕೊಟ್ಟರು. ಹೆಸರು, ಬ್ಯಾಚ್, ಮನೆ ಎಲ್ಲಿ, ಮಕ್ಕಳು ಎಷ್ಟು, ಯಾರು ನೋಡಿಕೊಳ್ಳುತ್ತಾರೆ, ಮನೆಯಲ್ಲಿ ಕಾಯಿಲೆಯವರು ಯಾರು, ದೂರದ ಪ್ರಯಾಣ ಆಗುತ್ತದೆಯೋ ಇಲ್ಲವೋ, ಎಲ್ಲವನ್ನೂ ತುಂಬಬೇಕು. "ಗೊತ್ತಿಲ್ದೆ ಹೆಲ್ಪ್ ಮಾಡೋದು ಹೇಗೆ ಮೇಡಂ?" ಅಂದರು ವಿಕ್ರಮ್. ನನಗೆ ಸರಿಯೆನಿಸಿತು. ನಿಜಕ್ಕೂ ಕೆಲವು ಕೆಲಸಗಳಾದವು. ಎದೆಹಾಲು ಕುಡಿಸುವವರಿಗೆ ಕ್ರೆಶ್ ಹತ್ತಿರದ ಲೈನ್ ಸಿಕ್ಕಿತು. ಬೆನ್ನು ನೋವಿನವರಿಗೆ ಬೆನ್ನು ಆನಿಸುವ ಕುರ್ಚಿ ಬಂತು. ಹೆಂಗಸರು ನನ್ನನ್ನು ಕಂಡರೆ ಕೈ ಮುಗಿಯತೊಡಗಿದರು. ನಾನು ತಲೆಯೆತ್ತಿಕೊಂಡು ಓಡಾಡುತ್ತಿದ್ದೆ.

ಶಾಂತವ್ವ ಬಂದದ್ದು ಆಗ. ಯಾದಗಿರಿ ಕಡೆಯವಳು. ಗಂಡ ಮಲ್ಲತ್ತಹಳ್ಳಿಯ ಹತ್ತಿರ ಕಟ್ಟಡದ ಕೆಲಸಕ್ಕೆ ಹೋಗುತ್ತಿದ್ದ, ಅಲ್ಲೇ ಒಂದು ರೂಮಿನ ಬಾಡಿಗೆ ಮನೆ. ಅಂಗಿತೋಳಿನ ಕಫ್ ಹೊಲಿಯುವುದರಲ್ಲಿ ಅವಳಷ್ಟು ಚುರುಕಿನವರು ಇಡೀ ಫ್ಲೋರಿನಲ್ಲಿ ಇರಲಿಲ್ಲ. ಮಾತು ಮಾತ್ರ ಕಡಿಮೆ. ನಾಲ್ಕು ಬುಧವಾರ ಟೀ ಕುಡಿದು, ಬಾಯಿ ಬಿಡದೆ ಎದ್ದು ಹೋಗಿದ್ದಳು. ಐದನೆಯ ಸಲ ಎಲ್ಲರೂ ಹೋದ ಮೇಲೂ ಕೂತೇ ಇದ್ದಳು. ಸುಮ್ಮನಿದ್ದವಳಿಗೆ ನಾನು ನನ್ನ ತಮ್ಮನ ವಿಷಯ ಹೇಳಿದೆ. ಅವನಿಗೆ ಚಿಕ್ಕಂದಿನಿಂದ ಮೂರ್ಛೆರೋಗ. ಶಾಲೆಯಲ್ಲಿ ಬಿದ್ದರೆ ಮನೆಗೆ ಸುದ್ದಿ ಬರುತ್ತಿತ್ತು, ಅಮ್ಮ ಸೆರಗು ಸಿಕ್ಕಿಸಿಕೊಂಡು ಓಡುತ್ತಿದ್ದಳು. ಇದನ್ನು ನಾನು ಯಾಕೆ ಹೇಳಿದೆನೋ ಗೊತ್ತಿಲ್ಲ. ಯಾವ ತರಬೇತಿಯೂ ಹೇಳಿಕೊಟ್ಟಿದ್ದಲ್ಲ.

ಶಾಂತವ್ವ ನನ್ನ ಮುಖವನ್ನೇ ನೋಡಿದಳು. "ನನ್ನ ಮಗಗೂ ಅದೇ ಐತ್ರಿ ಮ್ಯಾಡಂ," ಅಂದಳು. "ಎಂಟು ವರ್ಷದಾವ. ಸಾಲ್ಯಾಗ ಬಿದ್ರ ಟೀಚರ್ ಫೋನ್ ಮಾಡ್ತಾರ. ನಾ ಅರ್ಧ ತಾಸಿನ್ಯಾಗ ಮುಟ್ಟಬೇಕ್ರಿ. ಮನಿ ಮಾಲಕರಿಗೆ ಗೊತ್ತಿಲ್ಲ. ಗೊತ್ತಾದ್ರ ಮನಿ ಬಿಡಸ್ತಾರ. ನಮ್ಮ ಬ್ಯಾಚಿನ್ಯಾಗ ಯಾರಿಗೂ ಹೇಳಿಲ್ರಿ."

ನಾನು ಟ್ಯಾಬ್ ತೆಗೆದುಕೊಂಡೆ. ಅವಳು ಮಾತು ನಿಲ್ಲಿಸಿದಳು.

"ಬರ್ಕೊಳ್ಳಾಕತ್ತೀರೇನ್ರಿ?"

"ನಿನ್ನ ಒಳ್ಳೇದಕ್ಕೇ ಕಣಮ್ಮ. ಬರೆದಿಟ್ರೆ ತಾನೇ ಮೇಲಿನವರಿಗೆ ಹೇಳಿ ಏನಾದ್ರೂ ಮಾಡ್ಸಕ್ಕಾಗೋದು?"

ಅವಳು ಒಪ್ಪಿದಳು. ಮರುವಾರವೇ ಅವಳ ಫೋನ್ ಗೇಟಿನ ಲಾಕರಿನಲ್ಲಿಡುವ ಬದಲು ಸೂಪರ್‌ವೈಸರ್ ಬಳಿ ಇರಲು ಅನುಮತಿ ಸಿಕ್ಕಿತು. ಫೋನ್ ಬಂದರೆ ಯಾರನ್ನೂ ಕೇಳದೆ ಹೊರಡಬಹುದು. ಶಾಂತವ್ವ ಊರಿನಿಂದ ತಂದ ಶೇಂಗಾ ಹೋಳಿಗೆಯನ್ನು ನನ್ನ ಮೇಜಿನ ಮೇಲೆ ಇಟ್ಟು ಹೋದಳು.

ಎರಡು ವರ್ಷ ಹೀಗೆ ನಡೆಯಿತು. ಆಮೇಲೆ ದೊಡ್ಡ ಗಿರಾಕಿಯೊಬ್ಬರು ತಮ್ಮ ಆರ್ಡರನ್ನು ಬೇರೆ ದೇಶಕ್ಕೆ ತೆಗೆದುಕೊಂಡು ಹೋದರು. ಲೈನ್‌ಗಳು ಖಾಲಿ ಬಿದ್ದವು. ಜನರನ್ನು ಕಡಿಮೆ ಮಾಡಬೇಕು. ಆದರೆ ಅಷ್ಟು ಜನರನ್ನು ಒಟ್ಟಿಗೆ ತೆಗೆದರೆ ಸರ್ಕಾರದ ಅನುಮತಿ, ಪರಿಹಾರ, ಯೂನಿಯನ್ನು, ಪತ್ರಿಕೆಯವರು. ಇಂಥ ಮಾತು ಕ್ಯಾಂಟೀನಿನಲ್ಲಿ ಓಡಾಡುತ್ತಿದ್ದಾಗಲೇ ಒಂದು ಸೋಮವಾರ ನೋಟಿಸ್ ಬೋರ್ಡಿನಲ್ಲಿ ಪಟ್ಟಿ ಬಿತ್ತು. ಯಾರನ್ನೂ ಕೆಲಸದಿಂದ ತೆಗೆದಿರಲಿಲ್ಲ. ನೂರಾ ನಲವತ್ತು ಜನರನ್ನು ದೊಡ್ಡಬಳ್ಳಾಪುರದ ಕಡೆಯ ಇನ್ನೊಂದು ಘಟಕಕ್ಕೆ ವರ್ಗ ಮಾಡಿದ್ದರು. ಕಂಪನಿ ಬಸ್ ಇಲ್ಲ. ಕೆಂಗೇರಿಯಿಂದ ಹೋಗಲು ಎರಡು ಗಂಟೆ, ಬರಲು ಎರಡು ಗಂಟೆ.

ನಾನು ಗುಂಪಿನ ಹಿಂದೆ ನಿಂತು ಹೆಸರುಗಳನ್ನು ಓದಿದೆ. ಮೊದಲನೆಯವಳಿಗೆ ಹಾಸಿಗೆ ಹಿಡಿದ ತಾಯಿ. ಎರಡನೆಯವಳಿಗೆ ಅವಳಿ ಮಕ್ಕಳು. ಮೂರನೆಯವಳಿಗೆ ಕುಡಿದು ಬರುವ ಗಂಡ. ಸಂಜೆ ಆರಕ್ಕೆ ಅವಳು ಮನೆಯಲ್ಲಿರದಿದ್ದರೆ ಮಗಳನ್ನು ಹೊಡೆಯುತ್ತಾನೆ. ನಾಲ್ಕನೆಯವಳಿಗೆ ಡಯಾಲಿಸಿಸ್‌ಗೆ ಹೋಗುವ ಮಾವ. ಹೆಸರಿನ ಮುಂದೆ ಇವು ಯಾವುವೂ ಬರೆದಿರಲಿಲ್ಲ. ನನಗೆ ಗೊತ್ತಿತ್ತು. ಆ ಹೆಂಗಸರ ಹೊರತು ಇಡೀ ಕಾರ್ಖಾನೆಯಲ್ಲಿ ನನಗೊಬ್ಬಳಿಗೇ ಗೊತ್ತಿತ್ತು. ಹದಿನೈದು ಹೆಸರು ಓದುವಷ್ಟರಲ್ಲಿ ನನಗೆ ತಿಳಿದುಹೋಯಿತು. ದೂರ ಹೋಗಲಾರದವರು ಯಾರೋ ಅವರನ್ನೇ ಹೆಕ್ಕಿ ದೂರಕ್ಕೆ ಹಾಕಿದ್ದರು. ತಾವಾಗಿಯೇ ಬಿಟ್ಟು ಹೋಗಲಿ ಅಂತ.

ವಿಕ್ರಮ್ ಎಂದಿನಂತೆ ಎದ್ದು ನಿಂತು ಕುರ್ಚಿ ತೋರಿಸಿದರು. ನಾನು ಕೂರಲಿಲ್ಲ.

"ಈ ಹೆಸರುಗಳು ಎಲ್ಲಿಂದ ಬಂದ್ವು ಸಾರ್?"

"ಸಿಸ್ಟಮ್ ಕೊಟ್ಟಿದ್ದು ಮೇಡಂ. ಅಟೆಂಡೆನ್ಸ್ ರಿಸ್ಕ್ ಜಾಸ್ತಿ ಇರೋರು."

"ಅದು ನನ್ನ ಬುಧವಾರದ್ದು. ನನಗೆ ನಂಬಿ ಹೇಳ್ಕೊಂಡಿದ್ದು."

ಅವರು ನೀರಿನ ಲೋಟವನ್ನು ನನ್ನ ಕಡೆ ಸರಿಸಿದರು. "ನಿಮಗೆ ಎಷ್ಟು ನೋವಾಗ್ತಿದೆ ಅಂತ ನನಗೆ ಅರ್ಥ ಆಗುತ್ತೆ. ನನಗೂ ನಿದ್ದೆ ಇಲ್ಲ. ಆದ್ರೆ ಉಳಿದ ಎಂಟುನೂರು ಜನರ ಬಗ್ಗೆನೂ ಯೋಚ್ನೆ ಮಾಡ್ಬೇಕಲ್ವಾ? ಯಾರನ್ನೂ ತೆಗೆದು ಹಾಕಿಲ್ಲ ಮೇಡಂ. ಟ್ರಾನ್ಸ್‌ಫರ್ ಅಷ್ಟೆ." ಅವರ ಕಣ್ಣು ನಿಜವಾಗಿಯೂ ಕೆಂಪಾಗಿತ್ತು. ಅವರು ನಟಿಸುತ್ತಿದ್ದರು ಅಂತ ನಾನು ಹೇಳಲಾರೆ. ನಟಿಸಿದ್ದರೆ ನನಗೆ ಸಿಟ್ಟಾಗಲು ಸುಲಭವಾಗುತ್ತಿತ್ತು. ಆಮೇಲೆ ಅಂದರು: "ನೀವೇ ಅವರ ಜೊತೆ ಮಾತಾಡಿ. ನೀವು ಹೇಳಿದ್ರೆ ಕೇಳ್ತಾರೆ."

ಇಲ್ಲಿ ನಾನು ಕೆಲಸ ಬಿಟ್ಟು ಬಂದೆ ಅಂತ ಬರೆಯುವಂತಿದ್ದರೆ ಎಷ್ಟು ಚೆನ್ನಾಗಿತ್ತು. ನಿವೃತ್ತಿಗೆ ಹದಿನಾಲ್ಕು ತಿಂಗಳಿತ್ತು. ಯಜಮಾನರಿಗೆ ಹೃದಯದ ಆಪರೇಷನ್ ಆಗಿ ಆರು ವಾರವಾಗಿತ್ತು, ಆಸ್ಪತ್ರೆಯ ವಿಮೆ ಕಂಪನಿಯದು. ನನ್ನ ಹೆಸರೂ ಟ್ಯಾಬಿನಲ್ಲಿದ್ದಿದ್ದರೆ ನಾನೂ ಯಾವ ಸಾಲಿಗೆ ಬೀಳುತ್ತಿದ್ದೆನೆಂದು ವಿಕ್ರಮ್‌ಗೆ ಗೊತ್ತಿತ್ತು. ನಾನು ಹೋಗಿ ಮಾತಾಡಿದೆ. ಊಟದ ಹಾಲ್‌ನಲ್ಲಿ ನೂರಾ ನಲವತ್ತು ಜನ ಕೂತಿದ್ದರು. 'ಸದ್ಯಕ್ಕೆ ಹೋಗಿ ಸೇರ್ಕೊಳ್ಳಿ, ಆರು ತಿಂಗಳಲ್ಲಿ ವಾಪಸ್ ಕರೆಸೋಕೆ ನೋಡ್ತಾರೆ' ಅಂದೆ. ಆ ಆರು ತಿಂಗಳು ಎಲ್ಲಿಂದ ಬಂತೋ, ಯಾರೂ ನನಗೆ ಹಾಗೆ ಹೇಳಿರಲಿಲ್ಲ. ಯಾರೂ ಕೂಗಾಡಲಿಲ್ಲ. ಹಿಂದೆ ಶ್ರೀಕಂಠಯ್ಯನವರ ಬೈಗುಳಕ್ಕೆ ತಿರುಗಿ ಮಾತಾಡಿದ್ದ ಹೆಂಗಸರೇ ಅಂದು ನನ್ನೆದುರು ಸುಮ್ಮನೆ ಕೂತಿದ್ದರು.

ಎರಡು ವಾರದೊಳಗೆ ಒಬ್ಬೊಬ್ಬರೇ ರಾಜೀನಾಮೆ ಬರೆದುಕೊಡಲು ಬಂದರು. ಶಾಂತವ್ವ ಒಂದು ವಾರ ದೊಡ್ಡಬಳ್ಳಾಪುರಕ್ಕೆ ಹೋಗಿ ನೋಡಿದಳು. ಆರನೆಯ ದಿನ ಶಾಲೆಯಿಂದ ಫೋನ್ ಬಂತು. ಅವಳು ಎರಡು ಬಸ್ ಬದಲಿಸಿ ತಲುಪುವ ಹೊತ್ತಿಗೆ ಹುಡುಗನನ್ನು ಮನೆಗೆ ಕಳಿಸಿಬಿಟ್ಟಿದ್ದರು. ಹಣೆ ಒಡೆದು ಹೊಲಿಗೆ ಬಿದ್ದಿತ್ತು. ಜೊತೆಗೆ ಬಂದ ಶಾಲೆಯ ಆಯಾ, ಮನೆ ಮಾಲೀಕರ ಹೆಂಡತಿಗೆ ವಿಷಯವೆಲ್ಲ ಹೇಳಿದ್ದಳು. ಶಾಂತವ್ವ ಮರುದಿನ ನನ್ನ ಕೋಣೆಗೆ ಬಂದು ಮೇಜಿನ ಮುಂದೆ ನಿಂತಳು.

"ನೀವಾ ಬರೀರಿ ಮ್ಯಾಡಂ. ನನಗ ಬರಿಯಾಕ ಸರಿಯಾಗಿ ಬರಂಗಿಲ್ರಿ."

"ಶಾಂತವ್ವ, ನನಗೆ ಗೊತ್ತಿರ್ಲಿಲ್ಲ. ಹೀಗೆ ಮಾಡ್ತಾರೆ ಅಂತ ನನಗೆ ಗೊತ್ತಿರ್ಲಿಲ್ಲ."

"ಹೌದ್ರಿ."

"ಏನಂತ ಬರೀಲಿ?"

"ಉಳದಾವರಿಗೆ ಏನ್ ಬರದೀರಿ, ಅದನ್ನಾ ಬರೀರಿ."

'ಸ್ವಂತ ಕಾರಣಗಳಿಂದ' ಅಂತ ಬರೆದೆ. ಅವಳು ಸಹಿ ಹಾಕಿ, ಫೋಟೊ ಇರುವ ಕಾರ್ಡನ್ನು ಮೇಜಿನ ಮೇಲಿಟ್ಟು ಹೋದಳು. ಆ ತಿಂಗಳು ಅಂಥ ಎಷ್ಟೋ ಅರ್ಜಿಗಳನ್ನು ನಾನು ನನ್ನ ಕೈಯಾರೆ ಬರೆದುಕೊಟ್ಟೆ. ಓದು ಬರಹ ಸರಿಯಾಗಿ ಬಾರದವರಿಗೆ ಅರ್ಜಿ ಬರೆದುಕೊಡುವುದು ಕ್ಷೇಮಾಧಿಕಾರಿಯ ಕೆಲಸ.

ಬುಧವಾರದ ಟೀ ಮುಂದುವರಿಯಿತು. ಬರುವವರು ಬಂದರು, ಬಿಸ್ಕತ್ತು ತಿಂದರು. ಮನೆಯಲ್ಲಿ ಎಲ್ಲ ಚೆನ್ನಾಗಿದೆ ಮೇಡಂ, ಅಂದರು. ಪ್ರತಿಯೊಬ್ಬರ ಮನೆಯಲ್ಲೂ ಎಲ್ಲ ಚೆನ್ನಾಗಿತ್ತು. ವಿಕ್ರಮ್ ಅದನ್ನು ನೋಡಿ, ನೌಕರರ ನೆಮ್ಮದಿ ಹೆಚ್ಚಾಗಿದೆ ಅಂತ ವರದಿಗೆ ಸೇರಿಸಿದರು. ನನ್ನ ಬೀಳ್ಕೊಡುಗೆಯಲ್ಲಿ ಅವರು ಕಾಲು ಗಂಟೆ ಮಾತಾಡಿದರು. ಸಹಾನುಭೂತಿ ಎಂದರೇನೆಂದು ಮೇಡಂ ಅವರನ್ನು ನೋಡಿ ಕಲಿತೆ ಅಂದರು. ಶಾಲು ಹೊದಿಸಿದರು.

ನಿವೃತ್ತಿಯಾದ ಮೇಲೆ ಒಂದು ದಿನ ಶ್ರೀಕಂಠಯ್ಯನವರ ಮನೆಗೆ ಹೋಗಿ ಎಲ್ಲವನ್ನೂ ಹೇಳಿದೆ. ಅವರಿಗೆ ಕಿವಿ ಮಂದವಾಗಿತ್ತು. ನಾನು ನನ್ನ ತಪ್ಪನ್ನು ಜೋರಾಗಿ, ಪಕ್ಕದ ಮನೆಗೆ ಕೇಳುವಂತೆ ಹೇಳಬೇಕಾಯಿತು. ಪೂರ್ತಿ ಕೇಳಿ, ಕನ್ನಡಕ ತೆಗೆದು ಒರೆಸಿಕೊಂಡರು.

"ನಾನು ಬಾಯಿಗೆ ಬಂದಂಗೆ ಬೈತಿದ್ದೆ. ಅದಕ್ಕೇ ಯಾರೂ ನನ್ ಹತ್ರ ಏನೂ ಹೇಳ್ಕೋತಿರ್ಲಿಲ್ಲ. ನನ್ನಿಂದ ಅವರಿಗೆ ಆಗಿದ್ದು ಆ ಬೈಗುಳದಷ್ಟೇ ಹಾನಿ," ಅಂದರು. ಕನ್ನಡಕ ಮತ್ತೆ ಹಾಕಿಕೊಂಡು, "ಲೇಬರ್ ಆಫೀಸಿಗೆ ಹೋಗಿದ್ಯಾ?" ಅಂತ ಕೇಳಿದರು.

"ಈಗ ಹೋಗ್ಬೇಕು ಸಾರ್."

"ಈಗ," ಅಂದರು. ಅಷ್ಟೇ ಅಂದರು.

ಹೋದೆ. ಅಲ್ಲಿನ ಅಧಿಕಾರಿ ಸಜ್ಜನರು. ನನ್ನ ದೂರನ್ನು ತೆಗೆದುಕೊಂಡು, ಕಂಪನಿಯಿಂದ ಕಾಗದ ತರಿಸಿಕೊಂಡು, ತಿಂಗಳಾದ ಮೇಲೆ ನನ್ನನ್ನು ಕರೆಸಿದರು. ರಾಜೀನಾಮೆಗಳ ಕಟ್ಟನ್ನು ನನ್ನ ಮುಂದೆ ಇಟ್ಟರು.

"ಎಲ್ಲಾದ್ರಲ್ಲೂ ಸ್ವಂತ ಕಾರಣ ಅಂತಿದೆ ಮೇಡಂ. ಟ್ಯಾಬಿನದ್ದು ಅಂತೀರಾ, ಅಂಥದ್ದು ಯಾವ್ದೂ ಇಲ್ಲ ಅಂತ ಅವರು ಬರ್ಕೊಟ್ಟಿದಾರೆ. ಮತ್ತೆ ಇದರಲ್ಲಿ ಅರ್ಧ ಅರ್ಜಿಗಳ ಕೈಬರಹ..." ಅವರು ನನ್ನ ದೂರಿನ ಹಾಳೆಯನ್ನು ಪಕ್ಕದಲ್ಲಿಟ್ಟು ನೋಡಿದರು. ನಾನು ಚೀಲ ತೆಗೆದುಕೊಂಡು ಎದ್ದೆ.

ಈ ಕೆಲಸಕ್ಕೆ ಬರುವ ಹುಡುಗಿಯರಿಗೆ ಹೇಳುವುದಿಷ್ಟು. ಜನರ ಕಷ್ಟ ಕೇಳುವ ಕಿವಿ ನಿಮಗಿದ್ದರೆ ನಿಮ್ಮ ಮೇಲಿನವರು ಅದನ್ನು ಬೇಗ ಕಂಡುಹಿಡಿಯುತ್ತಾರೆ. ಯಾರಾದರೂ ನಿಮ್ಮೆದುರು ಬಾಯಿ ಬಿಟ್ಟಾಗ, ಈ ಮಾತು ಇಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂದು ಮೊದಲು ಕೇಳಿಕೊಳ್ಳಿ. ಉತ್ತರ ಗೊತ್ತಿಲ್ಲದಿದ್ದರೆ ಬರೆದುಕೊಳ್ಳಬೇಡಿ. ನಿಮ್ಮ ಮೇಲಧಿಕಾರಿ ಒಳ್ಳೆಯವರೋ ಕೆಟ್ಟವರೋ ಎಂದು ಯೋಚಿಸುತ್ತ ಕೂರಬೇಡಿ. ವಿಕ್ರಮ್ ಕೆಟ್ಟವರಲ್ಲ. ಅವರಿಗೆ ಎಲ್ಲರ ನೋವೂ ಅರ್ಥವಾಗುತ್ತಿತ್ತು. ಎಲ್ಲಿ ಒತ್ತಿದರೆ ಯಾರಿಗೆ ನೋಯುತ್ತದೆಂದು ಅಷ್ಟು ಚೆನ್ನಾಗಿ ಗೊತ್ತಿದ್ದದ್ದು ಅದಕ್ಕೇ.

ಹೋದ ತಿಂಗಳು ವಿಜಯನಗರದ ಮಾರ್ಕೆಟ್ಟಿನ ಹಿಂದಿನ ರಸ್ತೆಯಲ್ಲಿ ಸೀರೆಗೆ ಫಾಲ್ಸ್ ಹಾಕಿಸಲು ಹೋದೆ. ಮೆಟ್ಟಿಲ ಕೆಳಗಿನ ಪುಟ್ಟ ಅಂಗಡಿ, ಎರಡು ಮೆಷಿನ್. ಹೊಲಿಯುತ್ತಿದ್ದವಳು ಬಾಗಿಲ ಕಡೆಗೆ ಬೆನ್ನು ಮಾಡಿ ಕೂತು, ಪಕ್ಕದಲ್ಲಿ ಹೂ ಕಟ್ಟುತ್ತಿದ್ದ ಹೆಂಗಸಿಗೆ ಏನೋ ಹೇಳುತ್ತಿದ್ದಳು. "ಗುಳಿಗಿ ಬದ್ಲ ಮಾಡ್ಯಾರಕ್ಕ. ನಾಕ್ ತಿಂಗಳಾತು, ಒಮ್ಮೀನೂ ಬಿದ್ದಿಲ್ಲ. ಆದ್ರ ಮುಂಜಾನಿ ಏಳಂಗಿಲ್ಲ ನೋಡ, ಬರೇ ನಿದ್ದಿ ಅಂತಾನ. ಡಾಕ್ಟರ್ ಏನಂದ್ರಂದ್ರ..."

ನಾನು ಹೊಸಿಲಲ್ಲೇ ನಿಂತೆ. ಹೂ ಕಟ್ಟುವವಳು ನನ್ನನ್ನು ನೋಡಿದ್ದರಿಂದ ಅವಳೂ ತಿರುಗಿದಳು. ಮೆಷಿನ್ ನಿಂತಿತು.

"ಬರ್ರಿ ಮ್ಯಾಡಂ," ಅಂದಳು ಶಾಂತವ್ವ. ಎದ್ದು ನಿಂತಳು. ಸ್ಟೂಲ್ ಒರೆಸಿ ಮುಂದಿಟ್ಟಳು. ಸೀರೆ ಬಿಡಿಸಿ ಅಂಚು ನೋಡಿದಳು, ಬಣ್ಣಕ್ಕೆ ಹೊಂದುವ ಫಾಲ್ಸ್ ತೆಗೆದು ತೋರಿಸಿದಳು. ಗುರುವಾರ ಕೊಡುತ್ತೇನೆ ಅಂದಳು.

"ಮಗ ಹೇಗಿದಾನೆ ಶಾಂತವ್ವ?" ಅಂದೆ.

ಅವಳು ಸೀರೆಯನ್ನು ನಾಲ್ಕಾಗಿ ಮಡಿಸಿ, ಕವರಿಗೆ ಹಾಕಿ, ಚೀಟಿ ಅಂಟಿಸಿದಳು.

"ಆರಾಮ ಅದಾನ್ರಿ," ಅಂದಳು. "ಮನ್ಯಾಗ ಎಲ್ಲಾ ಆರಾಮ ಐತ್ರಿ."

ಹೂ ಕಟ್ಟುವವಳು ನನ್ನನ್ನೂ ಅವಳನ್ನೂ ನೋಡಿದಳು. ಶಾಂತವ್ವ ನನ್ನ ಮುಖ ನೋಡುತ್ತ, ನಾನು ಹೊರಡುವವರೆಗೂ ಮರ್ಯಾದೆಯಿಂದ ನಿಂತೇ ಇದ್ದಳು. ರಸ್ತೆಯ ತಿರುವಿನವರೆಗೂ ನಾನು ಕಿವಿಗೊಟ್ಟು ನಡೆದೆ. ಹಿಂದೆ ಮೆಷಿನ್ ಶುರುವಾಗಲಿಲ್ಲ, ಮಾತೂ ಕೇಳಲಿಲ್ಲ.